ಅಜ್ಮಾನಿಗೆ ನಾಲ್ಕು ಮೈಲಿ

ಬೆಳಿಗ್ಗೆ ಅಕ್ಕಿ ಅಳೆಯುವಾಗ ನಾನು ಸದ್ದು ಮಾಡುವುದಿಲ್ಲ.
ಡಬ್ಬಿಯ ತಳಕ್ಕೆ ಲೋಟ ತಾಗಿದರೆ
ಮೇಲಿನ ಡೆಕ್ಕಿನವರೆಗೂ ಕೇಳುತ್ತದೆ.
ಕಬ್ಬಿಣದ ಮನೆ ಇದು, ಗುಟ್ಟು ನಿಲ್ಲುವುದಿಲ್ಲ.
ಹನ್ನೊಂದು ಜನ, ನಾಲ್ಕು ಲೋಟ.
ಅನ್ನ ಮಾಡಿದರೆ ಬಟ್ಟಲು ತುಂಬುವುದಿಲ್ಲ,
ಅದಕ್ಕೇ ಗಂಜಿ.
ಬರ್ಮಾದ ಕೋ ತೇನ್ ಇದನ್ನು ಸೂಪು ಅನ್ನುತ್ತಾನೆ,
ನನ್ನ ಮರ್ಯಾದೆಗೆ.

ಹಡಗಿಗೆ ಇದು ಮೂರನೇ ಹೆಸರು.
ಬಿಸಿಲಿಗೆ ಬಣ್ಣ ಹಪ್ಪಳವಾಗಿ ಎದ್ದು
ಹಿಂದಿನ ಎರಡೂ ಇಣುಕುತ್ತಿವೆ.
ನಮ್ಮ ಬಾವುಟದ ದೇಶಕ್ಕೆ ಸಮುದ್ರವೇ ಇಲ್ಲವಂತೆ,
ಥರ್ಡ್ ಮೇಟ್ ನಕ್ಷೆ ಬಿಡಿಸಿ ತೋರಿಸಿದ.
ಅಲ್ಲಿಗೆ ಫೋನು ಮಾಡಿದರೆ
ಹೆಂಗಸೊಬ್ಬಳು ಕಾಯಲು ಹೇಳುತ್ತಾಳೆ,
ಬಹಳ ಪ್ರೀತಿಯಿಂದ.

ವೀಲ್‌ಹೌಸಿನ ಗಾಜಿಗೆ ಕೋರ್ಟಿನ ಕಾಗದ ಅಂಟಿಸಿ ಹೋಗಿದ್ದಾರೆ:
ಈ ಹಡಗನ್ನು ಬಂಧಿಸಲಾಗಿದೆ.
ಹಡಗನ್ನು ಮಾತ್ರ, ಕ್ಯಾಪ್ಟನ್ ನಜೀಬ್ ಬಿಡಿಸಿ ಹೇಳಿದರು.
ನಮ್ಮನ್ನು ಯಾರೂ ಬಂಧಿಸಿಲ್ಲ.
ಮಲಗಬಹುದು, ಗಡ್ಡ ಬಿಡಬಹುದು, ಗಾಳ ಹಾಕಬಹುದು,
ಇಳಿಯುವುದೊಂದು ಬಿಟ್ಟು.
ಯಾರೂ ಇಲ್ಲದ ಹಡಗು ಅಪಾಯ ಎಂದಿದೆ ನಿಯಮ.
ಇರುವವರ ಅಪಾಯ ಎರಡನೇ ಪುಟದಲ್ಲಿ ಇದ್ದೀತು,
ಅದನ್ನು ಅಂಟಿಸಿಲ್ಲ.
ಹನ್ನೊಂದು ಪಾಸ್‌ಪೋರ್ಟುಗಳು ನಮಗಿಂತ ಮೊದಲೇ ದಡ ಸೇರಿ
ಏಜೆಂಟನ ಕಪಾಟಿನಲ್ಲಿ
ಏಸಿಯಲ್ಲಿ ಮಲಗಿವೆ.

ಸಂಜೆ ಒಂದು ತಾಸು ಜನರೇಟರ್.
ಆ ಒಂದು ತಾಸು ಎಲ್ಲರೂ ಗಂಡಂದಿರು, ಅಪ್ಪಂದಿರು.
ಹಿಂದಣ ಎಡಮೂಲೆಯಲ್ಲಿ ಸಾಲು ನಿಲ್ಲುತ್ತೇವೆ,
ಅಲ್ಲಿ ಮಾತ್ರ ಅಜ್ಮಾನಿನ ಟವರು ಸಿಗುತ್ತದೆ.
ಡ್ಯೂಟಿಯಲ್ಲಿದ್ದೇನೆ, ಅನ್ನುತ್ತೇನೆ ನಾಗವೇಣಿಗೆ.
ಸುಳ್ಳಲ್ಲ.

ಆಮೇಲೆ ಕತ್ತಲು. ಎದುರಿಗೆ ದಡವಿಡೀ ಉರಿಯುತ್ತದೆ.
ಹೋಟೆಲೊಂದರ ನೀಲಿ ಬೋರ್ಡಿನಲ್ಲಿ
ಒಂದಕ್ಷರ ಆರಿಹೋದದ್ದು ಮೊದಲು ಕಂಡದ್ದು ನಮಗೇ.
ಮರುದಿನವೇ ಏಣಿ ಹಾಕಿ ಯಾರೋ ರಿಪೇರಿ ಮಾಡಿದರು.
ಆ ರಾತ್ರಿ ಯಾಕೋ ಯಾರೂ ಮಾತಾಡಲಿಲ್ಲ.

ಉಪ್ಪು ತಿಂದವನು ನೀರು ಕುಡಿಯಲೇಬೇಕು,
ಅನ್ನುತ್ತಿದ್ದಳು ಅವ್ವಿ, ತದಡಿಯ ಧಕ್ಕೆಯಲ್ಲಿ
ಸೀಳಿದ ಬಂಗಡೆಗೆ ಉಪ್ಪು ಸವರುತ್ತ.
ಮಾಲೀಕ ಎಲ್ಲಿ ಎಷ್ಟು ತಿಂದನೋ,
ಅವನ ಆಫೀಸಿಗೆ ಬೀಗ, ಫೋನಿಗೆ ಬೀಗ,
ನೀರು ಕುಡಿಯುವ ಸರದಿ ಮಾತ್ರ ನಮ್ಮ ತಲೆಗೆ ಬಂದಿದೆ.
ಆಗಲಿ, ಕುಡಿಯೋಣ ಎಂದರೆ
ಟ್ಯಾಂಕಿನ ತಳದಲ್ಲಿ ಉಳಿದದ್ದು
ಪುಡಿ ಹಾಕುವ ಮೊದಲೇ ಚಹಾದ ಬಣ್ಣ.

ಮೊನ್ನೆ ಲಾಂಚು ಬಂತು, ಯಾರೋ ಪುಣ್ಯಾತ್ಮರು ಕಳಿಸಿದ್ದು.
ಏಣಿ ಬೇಡ ಎಂದು ಕೆಳಗಿನಿಂದಲೇ ಕೈಯಾಡಿಸಿದರು.
ಹಗ್ಗಕ್ಕೆ ಬಕೆಟು ಕಟ್ಟಿ ಬಿಟ್ಟೆ.
ಎಳೆಯುವಾಗ ಅದು ಹಡಗಿನ ಹೊಟ್ಟೆಗೆ ಬಡಿದು
ಎರಡು ಬಾಟಲಿ ಕಡಲಿಗೆ ಬಿತ್ತು, ನನ್ನ ಬಾಯಿಂದ
ಬಿತ್ತು ಒಂದು ಬೈಗುಳ,
ಹೆಂಗಸರ ಮುಂದೆ ಆಡುವಂಥದ್ದಲ್ಲ.
ಲಾಂಚಿನ ಹುಡುಗ ತಲೆಯೆತ್ತಿದ:
"ಯಾವ ಊರಿದು ಮಾರಾಯ್ರೇ, ಈ ಬಾಯಿ?"
"ತದಡಿ!"
"ನಾನು ಶಿರೂರು! ಮುಜಮ್ಮಿಲ್!"
ಹದಿನೇಳು ತಿಂಗಳ ಮೇಲೆ
ನಾನು ಬೈದದ್ದು ಒಬ್ಬನಿಗೆ ಅರ್ಥವಾಗಿತ್ತು.

ಮೇಲೊಂದು ತಲೆ, ಕೆಳಗೊಂದು ತಲೆ, ನಡುವೆ ಮೂವತ್ತು ಅಡಿ.
ಮೀನಿನ ರೇಟು ಮಾತಾಡಿದೆವು.
ಹೆದ್ದಾರಿ ಅಗಲವಾದದ್ದು ಮಾತಾಡಿದೆವು.
ಯಾವಾಗ ಇಳಿಯುತ್ತೀರಿ ಎಂದು ಅವನು ಕೇಳಲಿಲ್ಲ,
ಒಳ್ಳೆಯ ಹುಡುಗ.
ಅವನ ಮೇಸ್ತ್ರಿ ಶಿಳ್ಳೆ ಹಾಕಿದ.
ಕೊನೆಯ ಬಕೆಟಿನಲ್ಲಿ ನೀರಿರಲಿಲ್ಲ.
ಅವನದೇ ಊಟದ ಡಬ್ಬಿ, ಇನ್ನೂ ಬೆಚ್ಚಗೆ,
ಮೇಲೆ ಎರಡು ಲಿಂಬೆಹಣ್ಣು.

ಹನ್ನೊಂದು ಜನ ಒಂದೊಂದು ತುತ್ತು.
ಲಿಂಬೆಯನ್ನು ಕ್ಯಾಪ್ಟನ್ ಎರಡು ದಿನ ಬರೀ ಮೂಸಿದರು.

ಡಬ್ಬಿ ತೊಳೆದು ಕವುಚಿಟ್ಟಿದ್ದೇನೆ.
ಕೊಟ್ಟವರ ಪಾತ್ರೆ ಖಾಲಿ ಕಳಿಸಬಾರದು,
ಚಿಟಿಕೆ ಸಕ್ಕರೆಯಾದರೂ ಹಾಕಬೇಕು, ಇದೂ ಅವ್ವಿಯ ಮಾತೇ.
ಸಕ್ಕರೆ ಮುಗಿದು ಒಂದು ರಂಜಾನ್ ಕಳೆಯಿತು.
ಕೋ ತೇನನ ಗಾಳಕ್ಕೆ ನಿನ್ನೆ ಬಿದ್ದ ಮೀನು ಸೀಳಿ
ಉಪ್ಪು ಸವರಿ
ಕ್ರೇನಿನ ತಂತಿಗೆ ಕಟ್ಟಿದ್ದೇನೆ.
ಉಪ್ಪಿಗೇನು ಬರ?
ಗಾಳಿ ಚೆನ್ನಾಗಿದೆ, ಎರಡು ದಿನಕ್ಕೆ ಒಣಗುತ್ತದೆ.
ಲಾಂಚು ಗುರುವಾರ ಬರುತ್ತದಂತೆ.
ಯಾವ ಗುರುವಾರ,
ಕೇಳಲು ಮರೆತೆ.