ಯಾ

ಹದಿನೇಳು ಪ್ರಶ್ನೆಗಳ ಹಾಳೆ ಹಿಡಿದು
ಸಾಂತಿಯಾಗೊದ ದೋಣಿಗಟ್ಟೆಗೆ ಇಳಿದಾಗ ಬೆಳಗಿನ ಆರೂಕಾಲು.
ಮೂರು ಜ್ವಾಲಾಮುಖಿಗಳು ಕಂಬಳಿ ಹೊದ್ದು ಕೂತಿದ್ದವು,
ಎದ್ದಿದ್ದೇವೆ, ಆದರೆ ಈಗಲೇ ಮಾತಾಡಿಸಬೇಡಿ
ಅನ್ನುವವರ ಹಾಗೆ.

ನೀರಿನ ಲೆಕ್ಕ ಬರೆಯುವುದು ನನ್ನ ಕೆಲಸ.
ಎಷ್ಟು ಏರಿತು, ಎಷ್ಟು ಇಳಿಯಿತು,
ದಿನಕ್ಕೆ ಎಷ್ಟು ಕೊಡ, ವರ್ಷಕ್ಕೆ ಎಷ್ಟು ವಾಂತಿಭೇದಿ.
ಸ್ಪ್ಯಾನಿಶ್ ನನಗೆ ಎರವಲು ಅಂಗಿ,
ಭುಜದಲ್ಲಿ ಬಿಗಿ, ತೋಳಲ್ಲಿ ಸಡಿಲ.
ನಿಕೊಲಾಸಾ ತಕಶೊಯ್‌ಗೂ ಅಷ್ಟೇ.
ಹಾಗಾಗಿ ನಮ್ಮಿಬ್ಬರ ನಡುವೆ ಮೊಮ್ಮಗಳು ಚೋನಾ,
ಒಂಬತ್ತು ವರ್ಷದವಳು,
ಅಜ್ಜಿಯ ಒಂದು ಮಾತನ್ನು ಎರಡು ಮಾಡಿ
ನನ್ನ ಎರಡನ್ನು ಅರ್ಧ ಮಾಡಿ ದಾಟಿಸುತ್ತಾಳೆ.
ಉಳಿದದ್ದು ಎಲ್ಲಿ ಹೋಯಿತೋ,
ಅವಳ ಸೊಂಟಪಟ್ಟಿಯಲ್ಲಿ ಸಿಕ್ಕಿಸಿಕೊಂಡಿರಬೇಕು.

ಮೊದಲ ಪ್ರಶ್ನೆ: ಇದನ್ನು ಏನೆಂದು ಕರೆಯುತ್ತೀರಿ?
ಸೊಂಟದ ಮಟ್ಟ ನೀರಲ್ಲಿ ನಿಂತು ಮಗ ಕೊಯ್ದುಕೊಟ್ಟ ಜೊಂಡನ್ನು
ಬಿಸಿಲಿಗೆ ಹರಡುತ್ತಿದ್ದ ಮುದುಕಿ
ಕೈ ನಿಲ್ಲಿಸದೆ ಅಂದಳು:
ಯಾ.
ಕೊನೆಗೆ ಗಂಟಲಲ್ಲೊಂದು ಸಣ್ಣ ತಡೆ,
ತುಂಬಿದ ಕೊಡವನ್ನು ಕಟ್ಟೆಗೆ ಇಟ್ಟಾಗಿನ ಹಾಗೆ.
ಕೆರೆಗೂ ಯಾ, ನೀರಿಗೂ ಯಾ.
ಲೋಟದಲ್ಲಿ ಗುಟುಕಷ್ಟೇ ಉಳಿದಿದ್ದರೂ
ಅದೇ ಹೆಸರು.

ಪೆನ್ನು ನಿಂತಿತು.
ಯಾರು ಅನ್ನುವುದು ಇಲ್ಲಿಂದಲ್ಲವೆ ಹೊರಡುವುದು,
ಯಾವಾಗ, ಯಾಕೆ, ಯಾತಕ್ಕೆ,
ಬಸ್ಸಿನಲ್ಲಿ ಪಕ್ಕ ಕೂತವರನ್ನು ಯಾವೂರು ಅನ್ನುವುದು.
ಐವತ್ತೆರಡು ವರ್ಷ ನಾನು ಕೇಳಿದ್ದೆಲ್ಲ
ಒಂದು ಗುಟುಕು ನೀರು ಬಾಯಲ್ಲಿಟ್ಟುಕೊಂಡೇ ಕೇಳಿದ್ದೆನೋ ಏನೋ.

ಇದನ್ನು ಚೋನಾಗೆ ಹೇಳಿದೆ, ಕೈಬಾಯಿ ಎರಡೂ ಬಳಸಿ.
ಅವಳು ಅಜ್ಜಿಗೆ ಹೇಳಿದಳು, ಚುಟುಕಾಗಿ.
ನಿಕೊಲಾಸಾ ಒಂದು ಕಟ್ಟು ಜೊಂಡು ಮುಗಿಯುವವರೆಗೆ ಯೋಚಿಸಿ
ಕೇಳಿಸಿದಳು:
ಪಾಪ, ನಿಮ್ಮ ಕಡೆ ಬಾಯಾರಿಕೆ ಜಾಸ್ತಿಯೇ?

ಹತ್ತಕ್ಕೆ ಗಾಸ್ಪಾರ್ ಕಿಯೆಹುವಿನ ದೋಣಿ.
ಮಧ್ಯಾಹ್ನ ದಾಟಿದರೆ ಶೊಕೊಮಿಲ್ ಏಳುತ್ತದೆ ಅಂದ.
ಆ ಗಾಳಿಗೆ ಹೆಸರಿದೆ, ಸಿಟ್ಟಿದೆ, ಹೊತ್ತು ತಪ್ಪದ ಶಿಸ್ತೂ ಇದೆ.
ದಂಡೆಯಿಂದ ನಲವತ್ತು ಮಾರು ಹೋಗಿ
ಮೋಟಾರು ನಿಲ್ಲಿಸಿದ. ಬಗ್ಗಿ ನೋಡಿದೆ.

ನೀರಿನೊಳಗೆ ಮೊಳದಷ್ಟು ಕೆಳಗೆ
ಗೋಡೆಯ ನೆತ್ತಿ, ಪಾಚಿ,
ಬಾಗಿಲಿದ್ದ ಜಾಗದ ಖಾಲಿ,
ಅದರಾಚೆ, ತಳದಲ್ಲಿ, ಒಲೆಯ ಮೂರು ಕಲ್ಲು.
ಕೆರೆ ಏರಿದ ವರ್ಷ ಬಿಟ್ಟ ಮನೆ.
ದೋಣಿ ಗೋಡೆಯ ಮೇಲಿಂದಲೇ ಹಾಯಬಹುದಿತ್ತು.
ಅವನು ಹುಟ್ಟು ತೆಗೆದು, ಬಳಸಿ ಬಂದು,
ಬಾಗಿಲಿನ ನೇರಕ್ಕೆ ಮೂತಿ ತಿರುಗಿಸಿ,
ಟೋಪಿ ತೆಗೆದು
ಒಳಗೆ ಕರೆದುಕೊಂಡು ಹೋದ.
ನಾನು ಕಾಲೆತ್ತಿಕೊಂಡೆ.
ಹೊಸಿಲು ತುಳಿಯಬಾರದು.

ಕೂತ್ಕೊಳ್ಳಿ ಅಂದ,
ಕೂತೇ ಇದ್ದವಳಿಗೆ.

ಒಂಬತ್ತನೆಯ ಪ್ರಶ್ನೆ ನಷ್ಟದ ಅಂದಾಜು, ಹಣದಲ್ಲಿ.
ಬೆರಳುದ್ದದ ಮೀನೊಂದು ಮೂರು ಕಲ್ಲುಗಳ ನಡುವೆ ಹೊಕ್ಕು
ಬೂದಿ ಕೆದಕಿದ ಹಾಗೆ ಮಾಡಿ
ಹಿತ್ತಿಲ ಕಡೆಗೆ ಹೋಯಿತು.
ಖಾಲಿ ಬಿಟ್ಟೆ.

ವಾಪಸು ಬರುವಾಗ ಗಾಳಿ ಎದ್ದಿತ್ತು,
ಹತ್ತರಿಂದ ಹದಿನೇಳರವರೆಗೆ ಶಾಯಿ ಕದಡಿ
ತಿಳಿನೀಲಿ.
ನಿಕೊಲಾಸಾ ಆರು ಏಡಿಗಳನ್ನು ಜೊಂಡಿನ ದಾರದಲ್ಲಿ ಕಟ್ಟಿ
ಮಡಿಲಿಗೆ ಹಾಕಿದಳು.
ಮೀನುಮಾಂಸ ಮುಟ್ಟದವಳು ನಾನು,
ಅದನ್ನು ದಾಟಿಸು ಅಂದರೆ ಚೋನಾ ದಾಟಿಸಲಿಲ್ಲ,
ಆ ಮಾತು ಅವಳಿಗೆ ನಿಜ ಅನ್ನಿಸಲಿಲ್ಲ.

ಬದಲಿಗೆ ಪಾಠ ಶುರು ಮಾಡಿದಳು: ಹೇಳು.
ಯಾ, ಅಂದೆ.
ತಲೆಯಾಡಿಸಿದಳು. ಅಲ್ಲ, ನಿಲ್ಲಿಸಬೇಕು.
ಯಾ, ಅಂದೆ,
ಹಿಂದೆಯೇ ರು ಬಂತು, ವಾಗ ಬಂತು, ಕೆ ಬಂತು,
ಬಾಯಿ ಮುಚ್ಚಿದರೂ ಒಳಗೆ ಬರುತ್ತಲೇ ಇತ್ತು.
ಏಡಿಗಳು ಮಡಿಲಲ್ಲಿ ಮೆಲ್ಲಗೆ ಕಾಲಾಡಿಸಿದವು.

ಚೆಲ್ಲುತ್ತಿದ್ದೀಯ, ಅಂದಳು ಚೋನಾ.
ಇನ್ನೊಂದು ಸಲ.