ಉಳಿದದ್ದು ಮೂರು

ಗದಗ ರೋಡಿನ ವರ್ಕ್‌ಶಾಪಿನಾಗ
ವ್ಯಾಗನ್ನಿಗೆ ಬಿಳೇ ಅಂಕಿ ಬರಿಯೋದು ನನ್ನ ಕೆಲಸ.
ತಗಡಿನ ಅಚ್ಚು ಹಿಡಿ, ಬ್ರಶ್ಶು ಒತ್ತು, ತಗಿ.
ಸೊನ್ನಿ ಮಾತ್ರ ಅಚ್ಚಿನೊಳಗ ಎರಡು ಹೋಳು,
ಆಮ್ಯಾಲ ಸಣ್ಣ ಬ್ರಶ್ಶಿಲೆ ಕೂಡಸಬೇಕು.

ಆವತ್ತು ಬಂದದ್ದು
3 0 1 5 0 7 7 5 0 9 1.
ಬಾಯಿಲೆ ಹೇಳಿದರ ಮೂರು ಸಾವಿರದ ಹದಿನೈದು ಕೋಟಿ
ಏಳು ಲಕ್ಷದ ಎಪ್ಪತ್ತೈದು ಸಾವಿರದ ತೊಂಬತ್ತೊಂದು.
ನಮ್ಮ ಓಣ್ಯಾಗ ಯಾರೂ ಇಷ್ಟು ಎಣಿಸಿದವರಿಲ್ಲ, ಯಾವುದನ್ನೂ.

ಮೊದಲೆರಡು ಅದರ ಜಾತಿ,
ಮುಂದಿನೆರಡು ಮನಿತನ,
ಸೊನ್ನಿ ಏಳು ಅಂದರ ಹುಟ್ಟಿದ ವರ್ಷ,
ಆಮ್ಯಾಲಿನ ನಾಕು ಸ್ವಂತ ಹೆಸರು.
ಕಡೇ ಒಂದು ಮಾತ್ರ ಹೆಸರೂ ಅಲ್ಲ ಕುಲಾನೂ ಅಲ್ಲ,
ಅದು ಸಾಕ್ಷಿ.
ಸಮ ಮನಿಯಾಗ ಕುಂತವು ಕೂಡಿ ಇಪ್ಪತ್ತಾರು,
ಮೂರುಪಟ್ಟು ಮಾಡಿದರ ಎಪ್ಪತ್ತೆಂಟು,
ಬೆಸ ಮನಿಯವು ಹನ್ನೊಂದು.
ಎಂಬತ್ತೊಂಬತ್ತು ಆತು, ತೊಂಬತ್ತಕ್ಕ ಒಂದು ಕಮ್ಮಿ.
ಆ ಕಮ್ಮೀನ ಕಡೀಗೆ ಬರೀತಾರ.
ನಾ ಎಲ್ಲೆರೆ ಒಂದಂಕಿ ತಪ್ಪಿದರ
ಆ ಒಂದು ಎದ್ದು ನಿಂತು ಅಲ್ಲ ಅಂತದ.

ಊಟದ ಸೈರನ್ ಆತು. ಡಬ್ಬಿ ಬಿಚ್ಚಲಿಲ್ಲ.
ಸೀಮೆಸುಣ್ಣ ತಗೊಂಡು ಅದರ ಹೊಟ್ಟೀ ಮ್ಯಾಲೇ
ಭಾಗಾಕಾರ ಶುರು ಮಾಡಿದೆ.
ಎರಡು ಹೋಗಂಗಿಲ್ಲ, ಕಣ್ಣಿಗೇ ಕಾಣತದ.
ಎಲ್ಲಾ ಕೂಡಿಸಿದರ ಮೂವತ್ತೆಂಟು, ಮೂರೂ ಹೋಗಂಗಿಲ್ಲ.
ಐದಕ್ಕ ಬಾಗಿಲನ ಇಲ್ಲ.
ಏಳರಿಂದ ಭಾಗಿಸಿದರ ಉಳಿದದ್ದು ಮೂರು.
ಹನ್ನೊಂದಕ್ಕ ಎಂಟು. ಹದಿಮೂರಕ್ಕೂ ಎಂಟು.
ಹದಿನೇಳಕ್ಕ ಆರು, ಹತ್ತೊಂಬತ್ತಕ್ಕ ಹತ್ತು,
ಇಪ್ಪತ್ಮೂರಕ್ಕ ಹತ್ತೊಂಬತ್ತು.
ಅಂಗೈ ಬೆಳ್ಳಗಾತು.

ಇಮಾಮಹುಸೇನ ಕಾಕಾ ರೊಟ್ಟಿ ಮುರೀತ ಕೇಳಿದ,
"ಅದರಾಗ ಏನ್ ಹುಡಕಾಕತ್ತೀಯವಾ?"
"ಇದು ಒಡೀತದೋ ಇಲ್ಲೋ ಅಂತ, ಕಾಕಾ."
"ಐವತ್ತೈದು ಟನ್ ಹೊರೋ ಗಾಡಿ. ನಿನ್ನ ಸುಣ್ಣಕ್ಕ ಒಡದೀತ?"
ಖಾತ್ರಿ ಆಗಬೇಕಂದರ
ಒಂದು ಲಕ್ಷ ಎಪ್ಪತ್ಮೂರು ಸಾವಿರ ದಾಟೂತನಕ ಹೋಗಬೇಕು ಅಂದೆ.
ಅವ ಪಲ್ಯಾ ನುಂಗಿ, "ಅಷ್ಟರಾಗ ರಿಟೈರ್ ಆಗತೀಯ" ಅಂದ.
ಸ್ವಲ್ಪ ಹೊತ್ತು ಬಿಟ್ಟು,
"ಒಡೀಲಾರದ್ದು ಒಂದಿದ್ದರ ಇರಲಿ ಬಿಡು."

ಇಪ್ಪತ್ತೊಂಬತ್ತು, ಮೂವತ್ತೊಂದು, ಮೂವತ್ತೇಳು, ನಲವತ್ತೊಂದು.
ನಲವತ್ಮೂರಕ್ಕ ಮತ್ತ ಮೂರು ಉಳೀತು,
ಏಳಕ್ಕ ಉಳಿದಿತ್ತಲ್ಲ, ಅದ ಮೂರು,
ದಾರಿ ತಪ್ಪಿ ತಿರುಗಿ ಬಂದವರಂಗ.
ಆಗ ಇಂಜಿನ್ ಬಂದು ಹಿಂದಿನಿಂದ ಮುಟ್ಟಿತು.
ಕಪ್ಲಿಂಗಿನ ಸಪ್ಪಳ.
ಹಸೀ ಬಣ್ಣ, ಅರ್ಧ ಲೆಕ್ಕ, ಎರಡನ್ನೂ ಹೊತಗೊಂಡು
ಗಾಡಿ ಕುಸುಗಲ್ ಕಡೆ ಹೋತು.

ಅಣ್ಣಿಗೇರಿ ದಾಟೂದರೊಳಗ ಸುಣ್ಣ ತೊಳದಿರಬೇಕು.
ಅಂಕಿ ಮಾತ್ರ ನನ್ನ ಹಂತ್ಯಾಕನ ಉಳದಾವ.
ಬಸ್ಸಿನಾಗ ಚಿಲ್ಲರೆ ಎಣಿಸುವಾಗ ಬರತಾವ,
ಸ್ಟೋವ್ ಹಚ್ಚುವಾಗ ಬರತಾವ, ಸಾಕ್ಷೀ ಸಮೇತ.
ಲೆಕ್ಕಕ್ಕ ಗಾಡಿ ಬೇಕಾಗಿಲ್ಲ.
ಕುಕ್ಕರ್ ಸೀಟಿ ಹೊಡಿಯೋದರಾಗ
ಮುಂದಿನದು ಹಾಕಿ ನೋಡಬಹುದು.

ಮುಂದಿನದು ನಲವತ್ತೇಳು.
ಎಂಟು ವರ್ಷ ಆತು.
ಹಾಕಿಲ್ಲ.