ಅನುಮಾನದ ಕಾಲಂ

ಕುಂತಿ ಬೆಟ್ಟದ ಬುಡದಲ್ಲಿ, ಆರಕ್ಕೆ ಹತ್ತು ನಿಮಿಷವಿತ್ತು,
ಬೇವಿನ ಮರದಡಿ ಕಾರು ನಿಲ್ಲಿಸಿದೆ.
ಕೆರೆಯ ಮೇಲಿನ್ನೂ ಕತ್ತಲೆ ಕರಗಿರಲಿಲ್ಲ.
ಯಾವುದೋ ಆಲೆಮನೆಯ ಹೊಗೆ
ದಾರಿ ತಪ್ಪಿ ಅಲ್ಲಿಗೆ ಬಂದಿತ್ತು.

ಸೌತೆಕಾಯಿ ಬುಟ್ಟಿ ಇಳಿಸಿ ಒಬ್ಬ ಹೆಂಗಸು
ಕಲ್ಲಿಗೆ ಚಾಕು ಮಸೆಯುತ್ತಿದ್ದಳು.
ನಾನು ಅವಳನ್ನು ನೋಡಿದೆ.
ಅವಳು ನನ್ನ ಕಾರನ್ನು ನೋಡಿದಳು.
ಅಷ್ಟು ಸಾಕಾಯಿತು ನನಗೆ.

ಸೀಟಿನ ಮೇಲಿದ್ದ ಬ್ಯಾಗು ಎತ್ತಿ, ಅವಳಿಗೆ ಬೆನ್ನು ಕೊಟ್ಟು
ಡಿಕ್ಕಿ ತೆರೆದು, ಒಳಗಿಟ್ಟು,
ಮೇಲೊಂದು ಟವೆಲ್ ಹೊದಿಸಿ
ಮಗು ಎದ್ದೀತೆಂಬಷ್ಟು ಮೆಲ್ಲಗೆ ಮುಚ್ಚಿದೆ.
ನಾಲ್ಕೂ ಬಾಗಿಲು ಎಳೆದು ನೋಡಿದೆ.
ಬೀಗ ಬಿತ್ತೆಂದು ಕಾರು ಎರಡು ಸಲ ಕೂಗಿತು,
ಇಡೀ ಬೆಟ್ಟಕ್ಕೆ ವರದಿ ಒಪ್ಪಿಸುವಂತೆ.

ಬೆನ್ನು ಕೊಟ್ಟದ್ದು ಅವಳಿಗೆ.
ಮುಖ ಮಾಡಿದ್ದು ಯಾರ ಕಡೆಗೆ ಎಂದು
ಆಗ ಹೊಳೆಯಲಿಲ್ಲ.

ಮೇಲೆ, ಬಂಡೆಯ ಬಿರುಕಿನ ಅತ್ತಿಗಿಡದಲ್ಲಿ
ಹಳದಿ ಕೊರಳಿನ ಪಿಕಳಾರ!
ಮೂರು ವರ್ಷದಿಂದ ಹುಡುಕಿದ್ದೆ.
ನನ್ನನ್ನು ನೋಡಿಯೂ ಹಾರಲಿಲ್ಲ.
ಬರೆದುಕೊಳ್ಳಲು ಜೇಬು ತಡವಿದರೆ
ನೋಟ್‌ಬುಕ್ಕು ಬ್ಯಾಗಿನಲ್ಲಿ, ಬ್ಯಾಗು ಡಿಕ್ಕಿಯಲ್ಲಿ,
ಡಿಕ್ಕಿ ಭದ್ರ.

ಇಳಿದು ಬಂದಾಗ ಒಂಬತ್ತೂವರೆ.
ಹಿಂಬಾಗಿಲ ಮೂಲೆಯ ಪುಟ್ಟ ತ್ರಿಕೋನದ ಗಾಜು ಇರಲಿಲ್ಲ.
ಒಂದು ಕೈ ತೂರುವಷ್ಟೇ ಕಿಂಡಿ.
ಸೀಟಿನ ತುಂಬ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಚೂರು.
ಟವೆಲನ್ನು ಮಾತ್ರ ಬಿಟ್ಟುಹೋಗಿದ್ದರು.

"ಇಲ್ಲೇ ಇದ್ದೆಯಲ್ಲ, ನೋಡಲಿಲ್ಲವಾ ನೀನು?"
ಆ 'ನೀನು' ಗಾಜಿಗಿಂತ ಚೂಪಾಗಿ ಬಿತ್ತು.
ಅವಳು ಚಾಕು ಕೆಳಗಿಟ್ಟಳು.

"ನೋಡ್ದೆ ಕಣಕ್ಕ. ನೀವು ಎಲ್ಲಾನೂ ನನ್ನಿಂದ ಬಚ್ಚಿಟ್ರಿ.
ಆ ಕಡೆ ಬೈಕಲ್ಲಿ ಇಬ್ರು ಕುಂತಿದ್ರು, ಹೆಲ್ಮೆಟ್ಟೂ ತೆಗೀದೆ.
ಅವರ್ಗೆ ಡಿಕ್ಕಿ ತೆಗ್ದು ತೋರ್ಸುದ್ರಿ,
ಅರಿಶಿನ ಕುಂಕುಮಕ್ಕೆ ಬಂದೋರ್ಗೆ ಸೀರೆ ತೋರ್ಸೋ ಹಂಗೆ.
ಕೂಗ್ದೆ. ಬುಟ್ಟಿಗೆ ಒದ್ದುಬುಟ್ಟು ಹೋದ್ರು."

ಆಗ ಕಂಡವು ಸೌತೆಕಾಯಿಗಳು:
ಮಣ್ಣು ತೊಳೆದು ಮತ್ತೆ ಜೋಡಿಸಿದ್ದು,
ಅರ್ಧಕ್ಕರ್ಧ ಜಜ್ಜಿದ್ದು.
ಸೆರಗಿನಡಿಯಿಂದ ನನ್ನ ನೋಟ್‌ಬುಕ್ಕು ತೆಗೆದಳು.
"ಲಂಟಾನದ ಪೊದೇಲಿ ಬಿಸಾಕಿದ್ರು.
ಕಾಸಿಲ್ವಲ್ಲ ಒಳಗೆ, ಬರೀ ಬರವಣಿಗೆ."

ಹೆಸರು ಕೇಳಿದೆ. ಚಿಕ್ಕತಾಯಮ್ಮ.
ಜಜ್ಜಿದ್ದನ್ನೇ ನಾಲ್ಕು ಕೊಂಡೆ,
ಖಾರ ಉಪ್ಪು ಸವರುತ್ತ ಅವಳು ಹೇಳಿದಳು:
"ಬೆಲೆಬಾಳೋದ್ನ ಮನೇಲೇ ಬುಟ್ಬನ್ನಿ.
ತಂದ್ರೆ, ಪಾಂಡವಪುರಕ್ಕೆ ಮುಂಚೇನೆ ಒಳಕ್ಕಾಕಿ,
ಇಲ್ಲಿ ಬಂದ್ಮೇಲೆ ಡಿಕ್ಕಿ ಮುಟ್ಬ್ಯಾಡಿ.
ಇನ್ನು ಆ ಟವಲ್ಲು...
ಏನೂ ಇಲ್ದಿದ್ದಕ್ಕೆ ಯಾರಾದ್ರೂ ಹೊದಿಸ್ತಾರಾ?"

ಗಾಜಿನಂಗಡಿಯ ಇಂತಿಯಾಜ್ ಹೇಳಿದ,
ಅತಿ ಚಿಕ್ಕ ಗಾಜಿಗೇ ಅತಿ ಹೆಚ್ಚು ದುಡ್ಡು ಮೇಡಂ,
ಮೈಸೂರಿಂದ ಬರಬೇಕು, ನಾಲ್ಕು ದಿನ.
ಅಲ್ಲಿಯವರೆಗೆ ರಟ್ಟು, ಅಂಟುಪಟ್ಟಿ.

ಠಾಣೆಯಲ್ಲಿ ಎಲ್ಲ ಬರೆದುಕೊಟ್ಟೆ:
ದೂರದರ್ಶಕ ಒಂದು, ಪರ್ಸು ಒಂದು, ಊಟದ ಡಬ್ಬಿ ಒಂದು.
ಯಾರ ಮೇಲಾದರೂ ಅನುಮಾನವಿದೆಯೇ,
ಆ ಸಾಲಿಗೆ ಬಂದು ಪೆನ್ನು ನಿಂತಿತು.
ಇತ್ತು, ಬೆಳಗಿನ ಆರಕ್ಕೆ ಹತ್ತು ನಿಮಿಷವಿದ್ದಾಗ.
ಅದನ್ನು ಬರೆಯಲು ಜಾಗವಿತ್ತು. ಬರೆಯಲಿಲ್ಲ.
ಇಲ್ಲ ಎಂದು ಬರೆದು ಸಹಿ ಹಾಕಿದೆ.

ಮುಂದಿನ ತಿಂಗಳು ಮತ್ತೆ ಅದೇ ಬೇವು.
ಸೀಟು ಖಾಲಿ. ಚಾರ್ಜರಿನ ವೈರೂ ಇಲ್ಲ.
ಮುಂದಿನ ಪುಟ್ಟ ಗೂಡನ್ನು ತೆರೆದೇ ಇಟ್ಟೆ,
ಮಾತ್ರೆ ನುಂಗಿದ ಮಗು
ಬಾಯಿ ಕಳೆದು ತೋರಿಸುವ ಹಾಗೆ.

ಚಿಕ್ಕತಾಯಮ್ಮ ಬಂದು ಗಾಜಿಗೆ ಹಣೆಯೊತ್ತಿ
ಒಳಗೆಲ್ಲ ಇಣುಕಿ ನೋಡಿದಳು.
"ಸರಿ ಹೋಗಿ. ನೊಣ ಹೊಕ್ಕಂಡಾತು ಅಷ್ಟೇಯ."

ನೋಟ್‌ಬುಕ್ಕು ಜೇಬಿನಲ್ಲಿತ್ತು.
ಪಿಕಳಾರ ಆ ದಿನ ಸಿಗಲಿಲ್ಲ.